ನಮ್ಮೂರಲ್ಲಿ ಅವಳು ಸತ್ತಿರಲಿಲ್ಲ

ತನ್ನ ಮನೆಯಲ್ಲಿ ಕೂತು, ತನ್ನ ಟೀವಿಯಲ್ಲಿ, ತಾನೇ ದುಡ್ಡು ಕೊಟ್ಟು ತಂದ ಸಿನಿಮಾ ಹಾಕಿದ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಬೀಗರನ್ನೂ, ಮಗಳ ಮಾತನ್ನೂ, ಮನೆಯ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾನೆ ಅಂದರೆ, ಕೇಳುವವರು ಯಾರೂ ಇಲ್ಲವೇ ಈ ಲೋಕದಲ್ಲಿ? ಇದ್ದಾರೆ. ನಾವು ಕೇಳಿದೆವು. ಬೀದಿಗೆ ಬೀದಿಯೇ ಎದ್ದು ಹೋಗಿ ಕೇಳಿತು. ಕೇಳಿದ್ದಕ್ಕೆ ಏನು ಉತ್ತರ ಸಿಕ್ಕಿತು ಅನ್ನುವುದು ಬೇರೆ ಮಾತು.

ಆ ಮನುಷ್ಯನನ್ನು ನಾವೆಲ್ಲ ಕರೆಯುವುದು ಕನ್ನಡಕದಣ್ಣ ಅಂತ. ನನ್ನ ಹೊಲಿಗೆ ಅಂಗಡಿಗೂ ಅವನ ಕನ್ನಡಕದ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ. ಅವನು ಸೀನಿದರೆ ನನ್ನ ಸೂಜಿಯ ದಾರ ತಪ್ಪುತ್ತದೆ. ಊರಿನಲ್ಲಿ ನಲವತ್ತು ದಾಟಿದವರ ಮೂಗಿನ ಮೇಲೆ ಏನಾದರೂ ಕೂತಿದ್ದರೆ ಅದನ್ನು ಕೂರಿಸಿದವನು ಅವನೇ. ಒಳ್ಳೆಯವನು, ಕೆಲಸದಲ್ಲಿ ಮೋಸ ಇಲ್ಲ. ಆದರೆ ಒಂದು ವಿಷಯ ತಲೆಗೆ ಹೊಕ್ಕಿತು ಅಂದರೆ ಮುಗಿಯಿತು, ಹೊರಗೆ ಬರಲು ಅದಕ್ಕೆ ದಾರಿಯೇ ಸಿಗುವುದಿಲ್ಲ.

ಅವನ ಮಗಳು ಲಾಂಡ್ರಿಯ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಲಾಂಡ್ರಿಯ ವ್ಯಾನು ಓಡಿಸುತ್ತಾನೆ, ಒಗೆದ ಬಟ್ಟೆ ಮನೆಮನೆಗೆ ಮುಟ್ಟಿಸುತ್ತಾನೆ. ನಮ್ಮ ಬೀದಿಗೆ ದಿನಕ್ಕೆರಡು ಸಲ ವ್ಯಾನು ಬರಲು ಶುರುವಾದಾಗಲೇ ನನಗೆ ಅನುಮಾನ ಬಂದಿತ್ತು. ಅಷ್ಟು ಕೊಳೆ ನಮ್ಮ ಬೀದಿಯಲ್ಲಿ ಇಲ್ಲ. ಹುಡುಗನ ತಂದೆತಾಯಿ ಒಪ್ಪಿದರು, ಇವನೂ ಒಪ್ಪಿದ, ಇವನ ಹೆಂಡತಿ ಒಪ್ಪಿದಳು. ಒಪ್ಪದವರು ಒಬ್ಬರೇ: ಹುಡುಗನ ಅಜ್ಜಿ. ಲಾಂಡ್ರಿ ಕಟ್ಟಿದವಳು ಅವಳು, ಇವತ್ತಿಗೂ ಇಸ್ತ್ರಿಪೆಟ್ಟಿಗೆ ಕೈಬಿಟ್ಟವಳಲ್ಲ. ಅವಳು ಹೂಂ ಅನ್ನದೆ ಆ ಮನೆಯಲ್ಲಿ ಗುಂಡಿಯೂ ಕಿತ್ತುಬೀಳುವುದಿಲ್ಲ.

"ಹುಡುಗಿ ಮೇಲೆ ನನಗೇನೂ ಇಲ್ಲಪ್ಪ" ಅಂದಿದ್ದಳು ಅಜ್ಜಿ. "ಆದರೆ ನೋಡಿದ್ದು ಅವರು, ಮೆಚ್ಚಿದ್ದು ಅವರು, ಮಾತಾಡಿದ್ದು ಅವರು. ಎಲ್ಲಾ ಮುಗಿದ ಮೇಲೆ ನನ್ನ ಹತ್ತಿರ ಬಂದು ಒಪ್ಪಿಗೆ ಅಂದರೆ? ನಾನೇನು ರಬ್ಬರ್ ಸ್ಟಾಂಪೇ?"

ಹೀಗೆ ಮದುವೆ ಮಾತಿನ ಗಾಡಿ ನಿಂತಿದ್ದಾಗ ಕನ್ನಡಕದಣ್ಣನ ಕಣ್ಣಿಗೆ ಆ ಡಿಸ್ಕು ಬಿತ್ತು. ಸಂಗೀತದ ಅಂಗಡಿಯ ಗಾಜಿನ ಹಿಂದೆ, ಮಿರಮಿರ ಮಿಂಚುವ ಪೆಟ್ಟಿಗೆಯಲ್ಲಿ, 'ದಡ ಮುಟ್ಟದ ದೋಣಿ'.

ನಮ್ಮ ವಯಸ್ಸಿನವರಿಗೆ ಆ ಹೆಸರು ಕೇಳಿದರೆ ಈಗಲೂ ಕೈ ಕರವಸ್ತ್ರಕ್ಕೆ ಹೋಗುತ್ತದೆ. ಬಡವರ ಹುಡುಗಿ, ದೊಡ್ಡ ಮನೆಯ ಹುಡುಗ, ಮಧ್ಯೆ ಒಂದು ಹೊಳೆ, ಹುಡುಗನ ಹಟಮಾರಿ ಅಜ್ಜಿ. ನಮ್ಮ ಊರಿನ ಒಂದೇ ಚಿತ್ರಮಂದಿರದಲ್ಲಿ ತಿಂಗಳುಗಟ್ಟಲೆ ಓಡಿತ್ತು. ಆಮೇಲೆ ಅದರ ಪ್ರತಿಗಳೆಲ್ಲ ಹಾಳಾದವು ಅಂತ ಸುದ್ದಿ. ಟೀವಿಯಲ್ಲೂ ಬರಲಿಲ್ಲ, ಎಲ್ಲೂ ಬರಲಿಲ್ಲ. ಈಗ ಯಾರೋ ಪುಣ್ಯಾತ್ಮರು ಎಲ್ಲಿಂದಲೋ ರೀಲು ಹುಡುಕಿ, ಧೂಳು ಒರೆಸಿ, ಗೀರು ತೆಗೆದು, ಮನೆಯಲ್ಲೇ ನೋಡುವ ಹಾಗೆ ಮಾಡಿದ್ದರು.

ಕನ್ನಡಕದಣ್ಣ ಡಿಸ್ಕನ್ನು ಎದೆಗೆ ಅವುಚಿಕೊಂಡು ನನ್ನ ಅಂಗಡಿಗೆ ನುಗ್ಗಿದ.

"ಸಿಕ್ತು ಕಣೋ ಮದ್ದು!"

"ಯಾವ ಕಾಯಿಲೆಗೆ?"

"ಅಜ್ಜಿಗೆ! ಮರೆತೆಯಾ? ನಮ್ಮ ಮಾವ ನನಗೆ ಹೆಣ್ಣು ಕೊಡಲ್ಲ ಅಂತ ಕೂತಿದ್ದರಲ್ಲ, ಈ ಸಿನಿಮಾ ನೋಡಿ ಬಂದು ತಾನೇ ಕರಗಿದ್ದು? ಕೊನೆಯಲ್ಲಿ ಹುಡುಗಿ ಬಾಗಿಲು ತಟ್ಟುತ್ತಾಳೆ, ಆ ಹಟಮಾರಿ ಮುದುಕಿ ದೀಪ ಹಿಡಿದುಕೊಂಡು ಬಂದು ಬಾಗಿಲು ತೆಗೀತಾಳೆ. ಶುಭಂ! ನಮ್ಮ ಮಾವ ಕಣ್ಣೊರೆಸಿಕೊಂಡು ಹೊರಗೆ ಬಂದವರೇ, ಆಯ್ತಪ್ಪ ತಗೋ ಅಂದರು. ಅಂಥಾ ಕಲ್ಲು ಕರಗಿದ ಮೇಲೆ ಲಾಂಡ್ರಿ ಅಜ್ಜಿ ಯಾವ ಲೆಕ್ಕ?"

ನಿಜ ಹೇಳುತ್ತೇನೆ, ನನಗೂ ಅದು ಒಳ್ಳೆಯ ಉಪಾಯ ಅಂತಲೇ ಅನ್ನಿಸಿತು. ಆ ಕೊನೆಯ ದೃಶ್ಯಕ್ಕೆ ಅತ್ತವರಲ್ಲಿ ನಾನೂ ಒಬ್ಬ.

"ಒಂದು ಸಲ ಹಾಕಿ ನೋಡಿದೆಯಾ?"

"ಒಂಬತ್ತು ಸಲ ನೋಡಿದ ಸಿನಿಮಾನ ಮತ್ತೆ ನೋಡೋದೇನು? ಸುಮ್ಮನೆ ಡಿಸ್ಕು ಸವೆಯುತ್ತೆ."

ಭಾನುವಾರ ಮಧ್ಯಾಹ್ನ ಕನ್ನಡಕದಣ್ಣನ ಮನೆಯ ಹಾಲಿನಲ್ಲಿ ಕಿಟಕಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಲಾಯಿತು. ಲಾಂಡ್ರಿ ಮನೆಯವರು ಬಂದರು. ಅಜ್ಜಿಗೆ ಮುಂದಿನ ಸಾಲಿನಲ್ಲಿ, ಎರಡು ದಿಂಬಿನ ಕುರ್ಚಿ. ಹಿಂದೆ ಬೀದಿಯ ನಾವೆಲ್ಲ: ಬೇಕರಿ ಅಕ್ಕ, ನಿವೃತ್ತ ಡ್ರಿಲ್ ಮೇಷ್ಟ್ರು, ನಾನು. ಮದುವೆ ಹೆಣ್ಣು ಬಾಗಿಲ ಹತ್ತಿರ, ಗಂಡು ಅದರ ಎದುರು ಬಾಗಿಲ ಹತ್ತಿರ, ಇಬ್ಬರ ನಡುವೆ ಅಷ್ಟೂ ಜನ.

"ನಾನು ಜನ್ಮದಲ್ಲಿ ಎರಡೇ ಸಿನಿಮಾ ನೋಡಿದವಳು" ಅಂದಳು ಅಜ್ಜಿ. "ಎರಡರಲ್ಲೂ ನಿದ್ದೆ ಬಂತು."

"ಇದರಲ್ಲಿ ಬರಲ್ಲಜ್ಜಿ" ಅಂದ ಕನ್ನಡಕದಣ್ಣ. "ಇದು ನಿಮ್ಮಂಥವರಿಗಾಗಿಯೇ ತೆಗೆದದ್ದು. ಕೊನೆ ನೋಡಿ, ಕೊನೆ!"

ಆ ಮಾತನ್ನು ಅವನು ಹೇಳಬಾರದಿತ್ತು.

ಚಿತ್ರ ಹೊಳೆಹೊಳೆಯುತ್ತಿತ್ತು. ನಾವು ಮಂಜು ಅಂದುಕೊಂಡಿದ್ದದ್ದು ಬರೀ ಗೀರು, ಹಿಂದೆ ಬೆಟ್ಟವೇ ಇತ್ತು. ಅಜ್ಜಿಗೆ ನಿದ್ದೆ ಬರಲಿಲ್ಲ. ದೊಡ್ಡ ಮನೆಯ ಮುದುಕಿ ತೆರೆಯ ಮೇಲೆ ಬಂದಾಗ ಕತ್ತು ಮುಂದೆ ಚಾಚಿ, "ಇವಳು ಪರವಾಗಿಲ್ಲ, ಖಡಕ್ ಇದ್ದಾಳೆ" ಅಂದಳು. ಕನ್ನಡಕದಣ್ಣ ಕತ್ತಲಲ್ಲೇ ನನ್ನ ತೊಡೆ ಚಿವುಟಿದ. ಕೊನೆಗೆ ಆ ದೃಶ್ಯ ಬಂತು. ಬಿರುಗಾಳಿ. ಹುಡುಗಿ ಓಡಿ ಬಂದಳು, ಬಾಗಿಲು ತಟ್ಟಿದಳು. ಮುದುಕಿ ದೀಪ ಹಿಡಿದುಕೊಂಡು ಬಂದು ಬಾಗಿಲು ತೆರೆದಳು. ನಾವೆಲ್ಲ ಕರವಸ್ತ್ರ ತೆಗೆದೆವು. ಬೇಕರಿ ಅಕ್ಕ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕನ್ನಡಕದಣ್ಣ ಎದ್ದು ನಿಂತು, ಕೈ ಜೋಡಿಸಿ ಅಜ್ಜಿಯ ಕಡೆ ತಿರುಗಿ, "ನೋಡಿದಿರಲ್ಲ ಅಜ್ಜಿ, ಇದೇ ನಾನು ನಿಮಗೆ ಹೇಳಬೇಕು ಅಂತಿದ್ದದ್ದು!" ಅಂದ.

ಸಿನಿಮಾ ನಿಲ್ಲಲಿಲ್ಲ.

ಮುದುಕಿ ದೀಪ ಎತ್ತಿ ಹುಡುಗಿಯ ಮುಖ ನೋಡಿದಳು. "ಇಲ್ಲಿ ನಿನಗೆ ಯಾರೂ ಇಲ್ಲ" ಅಂದಳು. ಬಾಗಿಲು ಹಾಕಿ ಅಗುಳಿ ಜಡಿದಳು. ಹುಡುಗಿ ಹೊಳೆಯ ಕಡೆ ನಡೆದಳು. ಮುಂದಿನದನ್ನು ನಾನು ಬರೆಯುವುದಿಲ್ಲ. ಇಪ್ಪತ್ತು ನಿಮಿಷ ಅವರು ಆ ಹೊಳೆಯನ್ನು ತೋರಿಸಿದರು, ಇಪ್ಪತ್ತು ನಿಮಿಷವೂ ಕನ್ನಡಕದಣ್ಣ ಕೈಮುಗಿದುಕೊಂಡು ನಿಂತೇ ಇದ್ದ. ಕೈ ಬಿಡಬೇಕು ಅನ್ನುವುದೂ ಅವನಿಗೆ ಹೊಳೆಯಲಿಲ್ಲ.

ದೀಪ ಹಾಕಿದಾಗ ಅಜ್ಜಿ ದಿಂಬನ್ನು ಪಕ್ಕಕ್ಕಿಟ್ಟು ಎದ್ದಳು. "ಇದೇ ಹೇಳಬೇಕು ಅಂತಿದ್ದೆಯಾ ನನಗೆ?"

"ಅಜ್ಜಿ, ಇಲ್ಲ, ಇದು..."

"ಮನೆಗೆ ಕರೆದು, ಮುಂದಿನ ಕುರ್ಚಿ ಕೊಟ್ಟು, ಊರವರನ್ನೆಲ್ಲ ಹಿಂದೆ ಕೂರಿಸಿಕೊಂಡು, ಮುದುಕಿ, ನೀನು ಕೊಲೆಗಾರ್ತಿ ಅಂತ ಹೇಳಿಸಿದೆ. ಕೈ ಬೇರೆ ಮುಗಿದೆ! ನಡೀರೋ ಎಲ್ಲಾ."

ವ್ಯಾನು ಹೋಯಿತು. ಮರುದಿನದಿಂದ ನಮ್ಮ ಬೀದಿಗೆ ಅದು ಬರುವುದೂ ನಿಂತಿತು. ಬಟ್ಟೆ ಬೇಕಾದವರು ಹೋಗಿ ತರಬೇಕಾಯಿತು.

ಮಗಳು ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಒಂದು ಸಲ, ಒಂದೇ ಒಂದು ಸಲ, ಮೊದಲು ನೋಡಿಕೊಳ್ಳಬಾರದಿತ್ತಾ ಅಪ್ಪಾ?" ಆಮೇಲೆ ಆ ಮನೆಯಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದದ್ದು ಬರೀ ಗಡಿಯಾರ.

ಈಗ ನಮ್ಮ ಸಿಟ್ಟು ನೋಡಬೇಕಿತ್ತು ನೀವು. ಅನ್ಯಾಯ ಅಂದರೆ ಹೀಗೂ ಉಂಟೇ! ಒಂದು ಊರು ಇಷ್ಟು ವರ್ಷ ಜೀವಂತವಾಗಿ ಇಟ್ಟುಕೊಂಡಿದ್ದ ಹುಡುಗಿಯನ್ನು ಯಾವನೋ ಕಂಪನಿಯವನು ಡಿಸ್ಕಿನಲ್ಲಿ ಮುಳುಗಿಸಿಬಿಡುವುದೇ? ಬೇಕರಿಯ ಮುಂದೆ ಸಭೆ ಸೇರಿತು.

"ಹೊಸದಾಗಿ ತೆಗೆದು ಸೇರಿಸಿದ್ದಾರೆ" ಅಂದರು ಡ್ರಿಲ್ ಮೇಷ್ಟ್ರು. "ಈಗಿನವರಿಗೆ ಯಾರಾದರೂ ಸಾಯದಿದ್ದರೆ ಊಟ ಸೇರಲ್ಲ."

"ಹೆಸರೇ ದಡ ಮುಟ್ಟದ ದೋಣಿ ಅಂತ ಇದೆಯಲ್ಲ ಮೇಷ್ಟ್ರೇ" ಅಂದೆ ನಾನು, ಸ್ವಲ್ಪ ಅನುಮಾನದಿಂದ.

"ದೋಣಿ ಮುಟ್ಟದಿದ್ದರೇನು? ಅವಳು ಸೇತುವೆ ಮೇಲೆ ನಡಕೊಂಡು ಬಂದಳು!"

ಆ ಮಾತಿಗೆ ಎಲ್ಲರೂ ತಲೆಯಾಡಿಸಿದರು. ಹಿಂದೆ ಒಂದು ಸಲ ಬೇರೆ ಊರಿನಿಂದ ಬಂದ ಅಳಿಯನೊಬ್ಬ ಆ ಹುಡುಗಿ ಸತ್ತಳು ಅಂದಾಗ ಅವನಿಗೆ ಸಿನಿಮಾ ಅರ್ಥವಾಗಿಲ್ಲ ಅಂತ ಅವನು ಊರು ಬಿಡುವವರೆಗೂ ನಕ್ಕವರು ನಾವು.

ಡಿಸ್ಕು ಮಾರಿದವನು ಕಂಪನಿಯ ವಿಳಾಸ ಕೊಟ್ಟು ಕೈತೊಳೆದುಕೊಂಡ. ಮೂವರು ಹೊರಟೆವು: ಕನ್ನಡಕದಣ್ಣ, ಮೇಷ್ಟ್ರು, ನಾನು. ಎರಡು ಬಸ್ಸು ಬದಲಿಸಿ, ಗಾಜಿನ ಕಟ್ಟಡದ ನಾಲ್ಕನೇ ಮಹಡಿ ಹತ್ತಿದರೆ, ದೂರಿನ ಮೇಜಿನ ಹಿಂದೆ ತಲೆಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ಹುಡುಗಿ.

"ಏನು ತೊಂದರೆ ಸರ್? ಡಿಸ್ಕ್ ಓಡ್ತಿಲ್ವಾ?"

"ಓಡ್ತಾ ಇದೆ. ಜಾಸ್ತಿ ಓಡ್ತಾ ಇದೆ!"

"ವೇಗ ಜಾಸ್ತಿಯಾ?"

"ವೇಗ ಸರಿಯಾಗೇ ಇದೆ ತಾಯಿ. ನಿಲ್ಲಬೇಕಾದ ಕಡೆ ನಿಲ್ತಾ ಇಲ್ಲ. ಕಥೆ ಮುಗಿದ ಮೇಲೂ ಹೋಗ್ತಾ ಇದೆ. ಹೋಗಿ ಆ ಹುಡುಗಿನ ಕೊಂದು ಹಾಕಿದೆ."

ಅವಳು ಕಂಪ್ಯೂಟರ್ ನೋಡಿದಳು. "ಚಿತ್ರ ಸರಿಯಿಲ್ಲ, ಧ್ವನಿ ಸರಿಯಿಲ್ಲ, ಪೆಟ್ಟಿಗೆ ಒಡೆದಿದೆ. ಈ ಮೂರರಲ್ಲಿ ಯಾವುದು ಸರ್?"

"ಕೊಲೆ" ಅಂದರು ಮೇಷ್ಟ್ರು.

"ಅದು ಇದರಲ್ಲಿಲ್ಲ."

"ಇಲ್ಲದಿದ್ದರೆ ಸೇರಿಸಮ್ಮ! ಇಪ್ಪತ್ತು ನಿಮಿಷ ಹೊಳೆ ಸೇರಿಸಿದವರಿಗೆ ಒಂದು ಸಾಲು ಸೇರಿಸೋಕೆ ಆಗಲ್ವಾ?"

ಹುಡುಗಿ ಪಾಪ ಗಾಬರಿಯಾಗಿ ಒಳಗಿನಿಂದ ಒಬ್ಬರನ್ನು ಕರೆದಳು. ಕುರುಚಲು ಗಡ್ಡ, ಕೆಂಪು ಕಣ್ಣು. ಈ ಚಿತ್ರವನ್ನು ರಿಪೇರಿ ಮಾಡಿದ ತಜ್ಞರು ಅವರೇ. ಎರಡು ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದು ಗೀರನ್ನೂ ತೆಗೆದಿದ್ದರಂತೆ. ಕನ್ನಡಕದಣ್ಣ ಅವರ ಮುಖ ನೋಡಿದ ಕೂಡಲೇ, "ನಿಮ್ಮ ನಂಬರ್ ಬದಲಾಗಿದೆ, ಆ ಕನ್ನಡಕ ತೆಗೀರಿ ಮೊದಲು" ಅಂದ. ಆಮೇಲೆ ಬೈಯಲು ಶುರುಮಾಡಿದ.

ಬೈಗುಳ ಮುಗಿಯುವಷ್ಟರಲ್ಲಿ ತಜ್ಞರ ಮುಖ ಅರಳಿ ಊರಗಲ ಆಗಿತ್ತು.

"ನಿಲ್ಲಿ, ನಿಲ್ಲಿ! ನಿಮ್ಮ ಊರಲ್ಲಿ ಅವಳು ಬದುಕಿದ್ದಳಾ? ಬಾಗಿಲು ತೆರೆದ ಮೇಲೆ ಶುಭಂ ಅಂತ ಬಂತಾ? ನೋಡಿದವರು ಇದ್ದಾರಾ?"

"ಇಡೀ ಊರು ನೋಡಿದೆ!"

"ಅಯ್ಯೋ ಸ್ವಾಮಿ!" ಅವರು ಕನ್ನಡಕದಣ್ಣನ ಎರಡೂ ಕೈ ಹಿಡಿದುಕೊಂಡರು. "ಈ ಚಿತ್ರಕ್ಕೆ ಇನ್ನೊಂದು ಅಂತ್ಯ ಇತ್ತು ಅಂದರೆ ಅದು ಎಂಥಾ ಸಂಗತಿ ಗೊತ್ತಾ? ಆ ರೀಲು ಸಿಕ್ಕಿದರೆ ಹೊಸದಾಗಿ ಡಿಸ್ಕು ತರುತ್ತೇವೆ. ನಿಮ್ಮ ಊರಿನ ಅಂತ್ಯ ಅಂತಲೇ ಹಾಕುತ್ತೇವೆ!"

ನಾವು ಗೆದ್ದ ಕುದುರೆಗಳ ಹಾಗೆ ಮನೆಗೆ ಬಂದೆವು. ಹೊಸ ಡಿಸ್ಕು ಬರಲಿ, ಅಜ್ಜಿಯನ್ನು ಇನ್ನೊಮ್ಮೆ ಕೂರಿಸೋಣ, ಮರ್ಯಾದೆ ತಾನಾಗಿ ವಾಪಸು ಬರುತ್ತದೆ ಅಂತ ಕನ್ನಡಕದಣ್ಣ ಮಗಳ ಕೋಣೆಯ ಬಾಗಿಲ ಮುಂದೆ ನಿಂತು ಜೋರಾಗಿ ಹೇಳಿದ. ಅಡುಗೆಮನೆಯಿಂದ ಅವನ ಹೆಂಡತಿ, "ಇನ್ನೊಂದು ಸಲ ಆ ಅಜ್ಜಿನ ಈ ಮನೆಗೆ ಸಿನಿಮಾಕ್ಕೆ ಕರೆದರೆ ಹೊಳೆಗೆ ಹಾರೋಳು ನಾನು" ಅಂದಳು.

ತಜ್ಞರು ಆ ವಾರವೇ ಕಾರಿನಲ್ಲಿ ಬಂದಿಳಿದರು, ಕೈಯಲ್ಲಿ ಧ್ವನಿ ಹಿಡಿಯುವ ಯಂತ್ರ. ಬೇಕರಿಯಲ್ಲಿ ಸಾಕ್ಷಿಗಳು ಸಾಲುಗಟ್ಟಿದರು. ಮನುಷ್ಯನಿಗೆ ಯಂತ್ರದ ಮುಂದೆ ಕೂತರೆ ನೆನಪು ಉಕ್ಕುತ್ತದೆ ಅನ್ನುವುದನ್ನು ನಾನು ಅವತ್ತು ಕಂಡೆ. ಮೊದಲು ಮಾತಾಡಿದವನು ಬಾಗಿಲು ತೆರೆಯಿತು ಅಂದ. ಎರಡನೆಯವನು ಮುದುಕಿ ಹುಡುಗಿಯ ತಲೆ ಸವರಿದಳು ಅಂದ. ಮೇಷ್ಟ್ರು ಮದುವೆಯನ್ನೇ ಮಾಡಿಸಿದರು, ಅದರಲ್ಲಿ ಬ್ಯಾಂಡು ಎಡಗಾಲು ಮುಂದಿಟ್ಟು ಬಂತಂತೆ.

"ಕೆಂಪು ಬಟ್ಟೆ ಉಟ್ಟಿದ್ದಳು" ಅಂದಳು ಬೇಕರಿ ಅಕ್ಕ.

"ಚಿತ್ರ ಕಪ್ಪು ಬಿಳುಪು ಅಮ್ಮಾ" ಅಂದರು ತಜ್ಞರು ಮೆಲ್ಲಗೆ.

"ಅದಕ್ಕೇನೀಗ? ಕೆಂಪು ಯಾವುದರಲ್ಲಿದ್ದರೂ ಕೆಂಪೇ. ಮಗೂಗೂ ಅದೇ ಬಣ್ಣದ ಟೋಪಿ ಹಾಕಿದ್ದರು."

"ಮಗು?"

"ಗಂಡು ಮಗು."

ತಜ್ಞರು ಬೆವರೊರೆಸಿಕೊಂಡು, "ಆ ರೀಲು ಈಗ ಎಲ್ಲಿರಬಹುದು?" ಅಂದರು. ಚಿತ್ರಮಂದಿರ ಮುಚ್ಚಿ ಈಗ ಕುರ್ಚಿಮೇಜಿನ ಗೋದಾಮಾಗಿದೆ. ಆದರೆ ಅದರ ಮ್ಯಾನೇಜರು ಗಟ್ಟಿಯಾಗಿಯೇ ಇದ್ದಾರೆ. ಕನ್ನಡಕದಣ್ಣನ ಹೆಂಡತಿಗೆ ಅವರು ಸೋದರಮಾವ. ತಜ್ಞರು, ನಾವು, ಸಾಕ್ಷಿಗಳು, ಸಾಕ್ಷಿಗಳ ಹಿಂದೆ ಕೆಲಸವಿಲ್ಲದವರು, ಎಲ್ಲರೂ ಮೆರವಣಿಗೆಯಲ್ಲಿ ಅವರ ಮನೆಗೆ ಹೋದೆವು. ಮ್ಯಾನೇಜರ್ ಮಾವ ಅಂಗಳದಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ತಜ್ಞರು ಯಂತ್ರ ಮುಂದೆ ಚಾಚಿ ಕೇಳಿದರು.

"ಸರ್, 'ದಡ ಮುಟ್ಟದ ದೋಣಿ'ಯ ಸುಖಾಂತ್ಯದ ಪ್ರತಿ ನಿಮಗೆ ಎಲ್ಲಿಂದ ಬಂತು?"

"ಯಾವ ಸುಖಾಂತ್ಯ? ಅವಳು ಹೊಳೆಗೆ ಬಿದ್ದು ಸಾಯ್ತಾಳಲ್ಲ."

ತಜ್ಞರ ಯಂತ್ರ ಕೆಳಗಿಳಿಯಿತು.

"ಮಾವಾ!" ಅಂದ ಕನ್ನಡಕದಣ್ಣ. "ನೀವೇ ತೋರಿಸಿದ್ದು! ಬಾಗಿಲು ತೆರೀತಾಳೆ, ಶುಭಂ ಅಂತ ಬರುತ್ತೆ, ಸುತ್ತಲೂ ಹೂವು!"

"ಆ ಹೂವು ನಾನೇ ಬರೆದದ್ದು, ಸ್ಲೈಡಿನ ಗಾಜಿನ ಮೇಲೆ" ಅಂದರು ಮಾವ ಸ್ವಲ್ಪ ಹೆಮ್ಮೆಯಿಂದ. "ಕೊನೇ ರೀಲು ಹಾಕ್ತಿರಲಿಲ್ಲ."

"ಯಾಕೆ?"

"ಕೊನೇ ಬಸ್ಸು."

ಇಷ್ಟು ಹೇಳಿ ಅವರು ಕಿರುಬೆರಳಿನ ಕಡೆ ಗಮನ ಕೊಟ್ಟರು. ಬಲವಂತ ಮಾಡಿದ ಮೇಲೆ ಉಳಿದದ್ದು ಹೊರಬಿತ್ತು. ಸುತ್ತಲಿನ ಹಳ್ಳಿಯವರಿಗೆ ಸಂಜೆ ಆಟ ಮುಗಿಸಿ ಹೋಗಲು ಇದ್ದದ್ದು ಒಂದೇ ಬಸ್ಸು. ಉದ್ದದ ಸಿನಿಮಾ ಬಂದರೆ ಬಸ್ಸು ತಪ್ಪುತ್ತಿತ್ತು, ತಪ್ಪಿದವರೆಲ್ಲ ಚಿತ್ರಮಂದಿರದ ಜಗಲಿ ಮೇಲೆ ಮಲಗುತ್ತಿದ್ದರು, ಬೆಳಗ್ಗೆ ಎದ್ದು ಮ್ಯಾನೇಜರನ್ನು ಬೈಯುತ್ತಿದ್ದರು. ಅದಕ್ಕೆ ಇವರು ಎಲ್ಲಿ ನಿಲ್ಲಿಸಿದರೆ ಜನ ಸಮಾಧಾನವಾಗಿ ಏಳುತ್ತಾರೆ ಅಂತ ನೋಡಿ, ಅಲ್ಲಿಗೆ ನಿಲ್ಲಿಸಿ, ಹೂವಿನ ಗಾಜು ಹಾಕಿ, ದೀಪ ಹಾಕುತ್ತಿದ್ದರು.

"ಸಂಜೆ ಆಟಕ್ಕೆ ಸರಿ. ಮಧ್ಯಾಹ್ನದ ಆಟಕ್ಕೆ? ಆಗೇನು ಬಸ್ಸಿಗೆ ಬರವೇ?" ಅಂದರು ಮೇಷ್ಟ್ರು.

"ಒಂದೇ ಊರಲ್ಲಿ ಎರಡು ಕಥೆ ನಡೆದರೆ ಜಗಳ ಆಗಲ್ವೇನ್ರೀ? ಮಧ್ಯಾಹ್ನ ಸತ್ತಳು, ಸಂಜೆ ಬದುಕಿದಳು ಅಂತ? ನಾನು ಎಲ್ಲರನ್ನೂ ಸಮನಾಗಿ ಕಂಡವನು."

"ಈ ಒಂದು ಸಿನಿಮಾಕ್ಕೆ ತಾನೇ ಮಾವ?" ಅಂದಳು ಬೇಕರಿ ಅಕ್ಕ.

"ಉದ್ದದ್ದು ಯಾವುದು ಬಂದರೂ."

ಅದು ತಲೆಗಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಎದ್ದ ಗಲಾಟೆಯಲ್ಲಿ ಪಕ್ಕದ ಮನೆಯ ನಾಯಿ ಹಗ್ಗ ಕಿತ್ತುಕೊಂಡು ಓಡಿತು. ನಮ್ಮ ಊರಿನಲ್ಲಿ ಯಾರೂ ಯಾವ ಉದ್ದದ ಸಿನಿಮಾದ ಕೊನೆಯನ್ನೂ ನೋಡಿಯೇ ಇಲ್ಲ!

"ಹಾಗಾದರೆ ಆ ಬಂಗಲೆಯ ಕೊಲೆ ಚಿತ್ರ!" ಮೇಷ್ಟ್ರು ಕೂಗಿದರು. "ಕೊಲೆಗಾರ ಯಾರು? ಪೊಲೀಸರು ಕೈ ಎತ್ತಿ ತೋರಿಸ್ತಾರೆ, ಶುಭಂ! ನಾನು ಅಡುಗೆಯವನು ಅಂದುಕೊಂಡು ಇಷ್ಟು ವರ್ಷ ಯಾವ ಅಡುಗೆಯವನನ್ನೂ ನಂಬಿಲ್ಲ!"

"ಡಾಕ್ಟರು" ಅಂದರು ಮಾವ.

"ಡಾಕ್ಟರಾ! ನನ್ನ ಮಗಳನ್ನು ಡಾಕ್ಟರಿಗೇ ಕೊಟ್ಟಿದ್ದೀನಲ್ಲಯ್ಯಾ!"

"ಯುದ್ಧಕ್ಕೆ ಹೋದ ಅಣ್ಣ ವಾಪಸು ಬಂದನಾ?" ಅಂತ ಯಾರೋ. "ಆ ಕುರುಡಿಗೆ ಕಣ್ಣು ಬಂತಾ?" ಅಂತ ಇನ್ನೊಬ್ಬರು. ಮ್ಯಾನೇಜರ್ ಮಾವ ಉಗುರು ಕತ್ತರಿಸುತ್ತಲೇ ಒಬ್ಬೊಬ್ಬರಿಗೆ ತೀರ್ಪು ಕೊಟ್ಟರು: ಬರಲಿಲ್ಲ, ಬಂತು, ಅವಳಲ್ಲ ಅವಳ ತಂಗಿ, ಇಬ್ಬರೂ ಜೈಲಿಗೆ ಹೋದರು. ತಜ್ಞರು ಯಂತ್ರ ಆರಿಸಿ, ಅಂಗಳದ ಕಟ್ಟೆ ಮೇಲೆ ತಲೆ ಹಿಡಿದುಕೊಂಡು ಕೂತರು. ಎದ್ದವರು ಯಾರಿಗೂ ಹೇಳದೆ ಕಾರು ಹತ್ತಿದರು. ಪಾಪ, ಕನ್ನಡಕದ ನಂಬರನ್ನೂ ಸರಿ ಮಾಡಿಸಿಕೊಳ್ಳಲಿಲ್ಲ.

ಕನ್ನಡಕದಣ್ಣ ಮಾತ್ರ ಏನೂ ಕೇಳಲಿಲ್ಲ. ಅವನ ಹೆಂಡತಿ ಅವನನ್ನೇ ನೋಡಿ ಅಂದಳು: "ಅಂದರೆ ನಮ್ಮಪ್ಪ ಆ ಕೊನೇ ರೀಲು ಒಂದು ನೋಡಿದ್ದರೆ, ನಾನು ಇವತ್ತು ಎಲ್ಲೋ ಸುಖವಾಗಿ ಇರುತ್ತಿದ್ದೆ."

"ನೀನೂ ಬೈಯಿ!" ಅಂದ ಅವನು. "ಎಲ್ಲರೂ ಬೈಯಿರಿ! ಮೋಸ ಮಾಡಿದವರು ಉಗುರು ಕತ್ತರಿಸಿಕೊಂಡು ಕೂತಿದ್ದಾರೆ, ಮೋಸ ಹೋದವನು ನಾನು, ಅಲ್ಲಿ ಮಗಳು ವಾರದಿಂದ ಸರಿಯಾಗಿ ಉಂಡಿಲ್ಲ!"

"ಅದನ್ನ ಮೊದಲು ಯೋಚನೆ ಮಾಡಿ" ಅಂದಳು ಅವಳು. "ಡಿಸ್ಕು, ಕಂಪನಿ, ರೀಲು ಅಂತ ಊರು ಸುತ್ತಿದಿರಿ. ಅಜ್ಜಿ ಹತ್ತಿರ ಹೋಗಿ, ತಪ್ಪು ತಿಳಿಬೇಡಿ, ನಮಗೆ ಗೊತ್ತಿರಲಿಲ್ಲ ಅಂತ ಒಂದು ಮಾತು ಹೇಳಿದಿರಾ?"

ಹೇಳಿರಲಿಲ್ಲ. ಅದು ನಮ್ಮ ಯಾರಿಗೂ ಹೊಳೆದಿರಲಿಲ್ಲ. ಸಿಟ್ಟಿನಲ್ಲಿರುವವನಿಗೆ ನಾಲ್ಕನೇ ಮಹಡಿ ಕಾಣುತ್ತದೆ, ಎದುರು ಬೀದಿ ಕಾಣುವುದಿಲ್ಲ.

ಮ್ಯಾನೇಜರ್ ಮಾವನಿಗೆ ಚಪ್ಪಲಿ ಹಾಕಿಸಿ, ಸಾಕ್ಷಿಗೆ ಅಂತ ಎಳೆದುಕೊಂಡು ಗಂಡಹೆಂಡತಿಯೂ ನಾನೂ ಲಾಂಡ್ರಿಗೆ ಹೋದೆವು. ಹಬೆ, ಸೋಪಿನ ವಾಸನೆ, ತಲೆಯ ಮೇಲೆ ನೇತಾಡುವ ಕೋಟುಗಳು. ಅಜ್ಜಿ ಕೌಂಟರಿನ ಹಿಂದೆ ಒಂದು ಬಿಳಿ ಅಂಗಿಯ ಕಾಲರು ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ.

"ರಸೀದಿ ತಂದಿದ್ದೀರಾ?"

"ಬಟ್ಟೆಗೆ ಬಂದಿಲ್ಲ ಅಜ್ಜಿ" ಅಂದ ಕನ್ನಡಕದಣ್ಣ. ಹೇಳಲು ಶುರುಮಾಡಿದ. ಬಸ್ಸಿನಿಂದ ಹಿಡಿದ, ಕಂಪನಿಗೆ ಹೋದ, ಬಾಗಿಲಿಗೆ ಬಂದ, ಮತ್ತೆ ಬಸ್ಸು ಹತ್ತಿದ. ಅಜ್ಜಿ ಅಂಗಿಯ ಎರಡೂ ತೋಳು ಮುಗಿಸಿದಳು. ಕೊನೆಗೆ ಅವನ ಹೆಂಡತಿ, "ಅಜ್ಜಿ, ಇವರಿಗೆ ಆ ಮುದುಕಿ ಬಾಗಿಲು ಹಾಕ್ತಾಳೆ ಅಂತ ಗೊತ್ತಿರಲಿಲ್ಲ. ತೆಗೀತಾಳೆ ಅಂತಲೇ ನಂಬಿದ್ದರು. ಅಷ್ಟೇ" ಅಂದಳು.

ಅಜ್ಜಿ ಮ್ಯಾನೇಜರ್ ಮಾವನ ಕಡೆ ನೋಡಿದಳು. "ನೀನೇನಾ ಅರ್ಧಕ್ಕೆ ನಿಲ್ಲಿಸಿ ಕಳಿಸ್ತಿದ್ದವನು?"

"ಬಸ್ಸಿಗೆ ತಡ ಆಗ್ತಿತ್ತಮ್ಮ."

"ನಾನು ಒಂದು ತೋಳು ಇಸ್ತ್ರಿ ಮಾಡಿ ಅಂಗಿ ಕೊಟ್ಟರೆ ಬಿಡ್ತೀಯಾ? ನಾಚಿಕೆ ಆಗಬೇಕು!" ಇಸ್ತ್ರಿಪೆಟ್ಟಿಗೆಯನ್ನು ಠಪ್ಪಂತ ಇಟ್ಟಳು. "ಆ ಸಿನಿಮಾ ತೆಗೆದವರೂ ಅಷ್ಟೇ. ಅವರೂ ಅರ್ಧಕ್ಕೇ ಬಿಟ್ಟಿದ್ದಾರೆ. ಹುಡುಗಿ ಸತ್ತಳು, ಹುಡುಗ ಅತ್ತ, ಮುಗೀತು. ಮಾರನೇ ದಿನ ಆ ಹುಡುಗನಿಗೆ ಊಟ ಬಡಿಸಿದವರು ಯಾರು? ಆ ಮುದುಕಿ ತಾನೇ? ಅವನು ತಲೆ ಎತ್ತದೆ ಉಂಡು ಎದ್ದು ಹೋದಾಗ ಆ ತಟ್ಟೆ ತೊಳೆದವರು ಯಾರು? ಅದನ್ನ ಯಾಕೆ ತೋರಿಸಲಿಲ್ಲ? ನಾನು ವಾರದಿಂದ ಅದನ್ನೇ ನೋಡ್ತಾ ಇದ್ದೀನಿ, ಟೀವಿ ಇಲ್ಲದೆ!"

ಹಿಂದುಗಡೆ ಮೊಮ್ಮಗ ಬಟ್ಟೆಗಂಟು ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. ಕನ್ನಡಕದಣ್ಣ ನಡುವೆ ಬಾಯಿ ಹಾಕಲಿಲ್ಲ, ಇದನ್ನು ಊರು ನಂಬಲಿಕ್ಕಿಲ್ಲ.

"ನಿಮ್ಮ ಹುಡುಗಿಗೆ ಈಜು ಬರುತ್ತಾ?" ಅಂದಳು ಅಜ್ಜಿ.

"ನನ್ನ ಮಗಳಿಗೆ ಈಜು ಯಾಕೆ ಬರಬೇಕು?" ಅಂತ ಕೆರಳಿದ ಕನ್ನಡಕದಣ್ಣ. "ನಿಮ್ಮ ಮನೆಗೆ ಬರುವವಳು..." ಹೆಂಡತಿ ಅವನ ಕಾಲು ತುಳಿದಳು.

"ಆ ಸಿನಿಮಾದ ಹುಡುಗಿ ಮೇಲೂ ನನಗೆ ಸಿಟ್ಟಿದೆ. ಒಂದು ಸಲ ತಟ್ಟಿದಳು, ಬಾಗಿಲು ಹಾಕಿದ ಕೂಡಲೇ ಹೊಳೆಗೆ ನಡೆದಳು. ಇನ್ನೊಂದು ಸಲ ತಟ್ಟೋಕೆ ಅವಳ ಕೈಗೇನಾಗಿತ್ತು? ನನಗೂ ಕೋಪ ಬರುತ್ತಪ್ಪ. ಬಂದಾಗ ನಾನೂ ಬಾಗಿಲು ಹಾಕ್ತೀನಿ, ನಾಲ್ಕು ಮಾತು ಅಂತೀನಿ. ಆಮೇಲೆ ಒಳಗೆ ಕೂತು, ಯಾರಾದರೂ ತಟ್ಟಬಾರದಾ ಅಂತ ಕಾಯ್ತೀನಿ. ಮುದುಕಿಯರ ಸಂಗತಿ ನಿಮ್ಮ ಸಿನಿಮಾದವರಿಗೇನು ಗೊತ್ತು?" ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. "ಒಂದು ಮಾತು. ಮುಂದೆ ಏನೇ ಆದರೂ, ಮುದುಕಿ ಸಿನಿಮಾ ನೋಡಿ ಕರಗಿದಳು ಅಂತ ಯಾರಾದರೂ ಅಂದರೆ ಅವರ ಬಟ್ಟೆ ಈ ಅಂಗಡಿಯಲ್ಲಿ ಒಗೆಯಲ್ಲ. ಹೋಗಿ, ಹುಡುಗೀನ ಕರ್ಕೊಂಡು ಬನ್ನಿ."

ಮೊಮ್ಮಗ ಬಟ್ಟೆಗಂಟಿನ ಮೇಲಿಂದ ಹಾರಿ ಹೊರಗೋಡಿದ. ವ್ಯಾನು ಹೋದ ರಭಸ ನೋಡಿದರೆ ಅದಕ್ಕೆ ಅಷ್ಟು ವೇಗ ಇದೆ ಅಂತ ಅದನ್ನು ತಯಾರಿಸಿದ ಕಂಪನಿಯವರಿಗೂ ಗೊತ್ತಿರಲಿಕ್ಕಿಲ್ಲ. ವಾಪಸು ಬರುವಾಗ ಅದರಲ್ಲಿ ಹುಡುಗಿಯ ಜೊತೆ ಬೇಕರಿ ಅಕ್ಕ ಮತ್ತು ಮೇಷ್ಟ್ರೂ ಇದ್ದರು, ಇನ್ನು ಮುಂದೆ ಕೊನೆ ನೋಡದೆ ಬಿಡುವ ಜನ ಅವರಲ್ಲ.

ಹುಡುಗಿ ಅಂಗಡಿಯ ಮುಂದೆ ಬಂದು ನಿಂತಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಅಜ್ಜಿ ಕೌಂಟರಿನಿಂದ ಈಚೆ ಬಂದಳು, ನಮ್ಮನ್ನೆಲ್ಲ ಕೈಯಲ್ಲಿ ತಳ್ಳಿ ಫುಟ್‌ಪಾತಿಗೆ ಇಳಿಸಿದಳು. ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇಲ್ಲಿ ನಿನಗೆ ಯಾರೂ ಇಲ್ಲ" ಅಂದಳು. ಸರ್ರಂತ ಷಟರು ಎಳೆದು ಒಳಗಿನಿಂದ ಚಿಲಕ ಹಾಕಿದಳು.

ಕನ್ನಡಕದಣ್ಣನ ಕಿವಿಯವರೆಗೂ ಸಿಟ್ಟು ಏರಿತು. "ನೋಡಿದಿರಾ! ನೋಡಿದಿರಾ ಅವಮಾನ! ಕರೆಸಿಕೊಂಡು ಮುಖದ ಮೇಲೆ ಬಾಗಿಲು! ನಡಿ ಮಗಳೇ, ಇಂಥಾ ಮನೆ..."

ಮಗಳು ಅವನ ಕೈ ಬಿಡಿಸಿಕೊಂಡಳು. ಹಿಂದೆ ಒಂದು ಹೆಜ್ಜೆ ಇಟ್ಟಳು, ಎರಡೂ ಮುಷ್ಟಿ ಎತ್ತಿ ಷಟರಿನ ಮೇಲೆ ಬಡಿದಳು. ತಗಡು ಗುಡುಗಿತು.

"ಅಜ್ಜೀ! ತೆಗೀರಿ! ನಾನು ಎಲ್ಲೂ ಹೋಗಲ್ಲ!"

ಎದುರು ಮನೆಗಳ ಕಿಟಕಿಗಳು ತೆರೆದುಕೊಂಡವು. ಸೈಕಲ್ಲಿನವರು ಇಳಿದು ನಿಂತರು. ಅವಳು ಮತ್ತೆ ಬಡಿದಳು. ಒಳಗಿನಿಂದ ಅಜ್ಜಿಯ ದನಿ ಕೇಳಿತು.

"ಇನ್ನೂ ಜೋರಾಗಿ!"

ಹುಡುಗಿ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು. ಆ ಸದ್ದಿಗೆ ಬೀದಿಯ ಎರಡೂ ತುದಿಯಿಂದ ಜನ ಓಡಿ ಬಂದರು. ಯಾರ ಮನೆಗೆ ಬೆಂಕಿ ಬಿತ್ತು, ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತ ಒಬ್ಬರನ್ನೊಬ್ಬರು ಕೇಳತೊಡಗಿದರು. ಕನ್ನಡಕದಣ್ಣನಿಗೆ ಆಗ ಬಂದಂಥ ಸಿಟ್ಟು ಈ ಇಡೀ ಪ್ರಕರಣದಲ್ಲಿ ಬಂದಿರಲಿಲ್ಲ. ಮಗಳ ಮುಂದೆ ಅಡ್ಡ ನಿಂತು, ಎರಡೂ ಕೈ ಚಾಚಿ, ಗಂಟಲು ಹರಿಯುವ ಹಾಗೆ ಕೂಗಿದ:

"ಏನ್ರೀ ಗುಂಪು ಕಟ್ಟಿಕೊಂಡು ನೋಡ್ತೀರಿ? ಮರ್ಯಾದೆ ಗೊತ್ತಿಲ್ವಾ? ಇಲ್ಲಿ ಮದುವೆ ಮಾತುಕತೆ ನಡೀತಾ ಇದೆ!"